ಕಾನು ಮತ್ತು ಮಾಸ್ತಿಕಲ್ಲು

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ, ಮಾಸ್ತಿಕಟ್ಟೆ ಎಂಬ ಊರಿದೆ. ಅದರಾಚೆ ನೆಲವು ಇಳಿಜಾರಾಗಿ ಹುಲಿಕಲ್ಲು ಘಟ್ಟವಾಗುತ್ತದೆ. ಬಾಳೆಬರೆ ಘಟ್ಟವೆಂದೂ ಹೆಸರು ಪಡೆದ ಆ ದಾರಿಯ ತಿರುವುಗಳನ್ನು ಇಳಿದವನು ಹೊಸಂಗಡಿಯನ್ನು ಹಾದು ಕುಂದಾಪುರದ ಕಡಲ ತೀರವನ್ನು ಸೇರುತ್ತಾನೆ. ಅರಬ್ಬೀ ಸಮುದ್ರದಿಂದ ಎದ್ದು ಬರುವ ಮುಂಗಾರಿನ ಮೋಡಗಳಿಗೆ ಮೊದಲು ಅಡ್ಡವಾಗುವುದು ಈ ಬೆಟ್ಟಸಾಲು. ಆದಕಾರಣ ಇಲ್ಲಿ ಅನೇಕ ವರ್ಷಗಳಲ್ಲಿ ೬,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಈ ಮಳೆಯ ನೀರನ್ನು ವಾರಾಹಿ ನದಿಯು ಘಟ್ಟದ ಕೆಳಕ್ಕೆ ಒಯ್ಯುತ್ತದೆ. ಸಮೀಪದ ಮಾಣಿ ಎಂಬಲ್ಲಿ ಆ ನದಿಗೆ ಅಣೆಕಟ್ಟು ಕಟ್ಟಿ, ನೀರನ್ನು ಸುರಂಗದ ಮೂಲಕ ಇಳಿಸಿ, ಹೊಸಂಗಡಿಯ ಬಳಿ ನೆಲದೊಳಗೆ ಕೊರೆದ ವಿದ್ಯುದಾಗಾರದಲ್ಲಿ ೧೯೮೯ರಿಂದ ವಿದ್ಯುತ್ತನ್ನು ಉತ್ಪಾದಿಸಲಾಗುತ್ತಿದೆ. ಹೀಗಾಗಿ ಮಾಸ್ತಿಕಟ್ಟೆ ಎಂದೊಡನೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಮಳೆ ಮತ್ತು ವಿದ್ಯುತ್ತು. ಊರಿನ ಹೆಸರು ಮಾತ್ರ ಇವೆರಡಕ್ಕೂ ಸಂಬಂಧಿಸಿದ್ದಲ್ಲ. ಅದು ಒಂದು ಕಲ್ಲಿನ ನೆನಪನ್ನು ಹೊತ್ತುಕೊಂಡಿದೆ.

'ಮಹಾಸತಿ' ಎಂಬ ಸಂಸ್ಕೃತ ಶಬ್ದವು ಕನ್ನಡಿಗರ ನಾಲಗೆಯಲ್ಲಿ 'ಮಾಸತಿ'ಯಾಗಿ, ಕಡೆಗೆ 'ಮಾಸ್ತಿ'ಯಾಗಿ ನಿಂತಿತು. ಗಂಡನ ಚಿತೆಯನ್ನೇರಿದ ಹೆಣ್ಣಿನ ನೆನಪಿಗಾಗಿ ನಿಲ್ಲಿಸಿದ ಕಲ್ಲು ಮಾಸ್ತಿಕಲ್ಲು. ನಮ್ಮ ಹಿರಿಯ ಕತೆಗಾರರೊಬ್ಬರ ಹೆಸರಿನ ಮೂಲಕ ನಾಡಿಗೆಲ್ಲ ಪರಿಚಿತವಾದ ಕೋಲಾರ ಜಿಲ್ಲೆಯ ಮಾಸ್ತಿ ಗ್ರಾಮದ ಹೆಸರಿನಲ್ಲಿರುವುದೂ ಇದೇ ಶಬ್ದವೇ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಂಥ ಕಲ್ಲುಗಳು ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಎಲ್ಲಕ್ಕೂ ಹೆಚ್ಚಾಗಿ ಮರಗಳ ನೆರಳಿನಲ್ಲಿ ನಿಂತಿವೆ. ಅವುಗಳನ್ನು ಗುರುತಿಸುವುದು ಕಷ್ಟವಲ್ಲ. ನೆಟ್ಟಗಿನ ಒಂದು ಕಂಬ, ಕಂಬದಿಂದ ಹೊರಚಾಚಿ, ಮೊಣಕೈಯಲ್ಲಿ ಮಡಿಸಿ, ಮೇಲಕ್ಕೆತ್ತಿದ ಒಂದು ತೋಳು, ತೋಳಿನ ತುಂಬ ಬಳೆ, ತೆರೆದ ಅಂಗೈ, ಅನೇಕ ಕಡೆ ಹೆಬ್ಬೆರಳಿನ ಸಂದಿನಲ್ಲಿ ಒಂದು ನಿಂಬೆಹಣ್ಣು. ಕಲ್ಲಿನ ತುದಿಯಲ್ಲಿ ಸೂರ್ಯ ಚಂದ್ರರ ಚಿತ್ರ. ಸೂರ್ಯ ಚಂದ್ರರು ಇರುವವರೆಗೂ ಈ ಹೆಸರು ಉಳಿಯಲಿ ಎಂಬುದು ಅದರ ಅರ್ಥ.

ಈ ಕಲ್ಲಿನ ಎದುರಿಗೆ ನಿಂತಾಗ ನಮ್ಮ ಮನಸ್ಸಿನಲ್ಲಿ ಎರಡು ಭಾವಗಳು ಏಳುವುದು ಸಹಜ. ಜೀವಂತ ಹೆಣ್ಣೊಬ್ಬಳು ಬೆಂಕಿಗೆ ಆಹುತಿಯಾದುದನ್ನು ಪುಣ್ಯವೆಂದು ಬಗೆದ ಕಾಲದ ಕಲ್ಲು ಇದು. ಬ್ರಿಟಿಷರ ಆಳ್ವಿಕೆಯಲ್ಲಿ ೧೮೨೯ರಲ್ಲಿ ಆ ಪದ್ಧತಿಯನ್ನು ಮೊದಲು ಬಂಗಾಳ ಪ್ರಾಂತದಲ್ಲಿ ನಿಷೇಧಿಸಲಾಯಿತು. ಇಂದು ಅದನ್ನು ವೈಭವೀಕರಿಸುವುದು ಸಹ ಅಪರಾಧ. ಹಾಗಾದರೆ ಈ ಕಲ್ಲುಗಳನ್ನು ಏಕೆ ಉಳಿಸಬೇಕು? ಅರಸರು ತಮ್ಮ ಹೆಸರನ್ನು ತಾಮ್ರಶಾಸನಗಳಲ್ಲಿಯೂ ದೇವಾಲಯದ ಗೋಡೆಗಳ ಮೇಲೆಯೂ ಬರೆಯಿಸಿದರು. ಹಳ್ಳಿಯ ಹೆಣ್ಣಿಗೆ ಅಂಥ ಬರವಣಿಗೆ ದೊರೆಯಲಿಲ್ಲ. ಅವಳು ಬದುಕಿದ್ದಳು, ಇಂಥ ಊರಿನಲ್ಲಿ ಇಂಥ ರೀತಿಯಲ್ಲಿ ಸತ್ತಳು ಎಂಬುದಕ್ಕೆ ಈ ಕಲ್ಲಿನ ಕೈಯೊಂದೇ ಸಾಕ್ಷಿ. ಆ ಸಾಕ್ಷಿಯನ್ನು ಅಳಿಸಿಬಿಟ್ಟರೆ ಆ ಅನ್ಯಾಯವನ್ನು ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ. ಮಾಸ್ತಿಕಲ್ಲಿನ ಪಕ್ಕದಲ್ಲಿ ಸಾಮಾನ್ಯವಾಗಿ ವೀರಗಲ್ಲೂ ಇರುವುದುಂಟು. ಅದರ ಕೆಳಗಿನ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವ ನೋಟ, ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ನೋಟ. ಊರಿನ ದನಗಳನ್ನು ಕಳ್ಳರು ಹಿಡಿದೊಯ್ಯುವಾಗ ಕಾದು ಮಡಿದ ಸಾಮಾನ್ಯ ರೈತನಿಗೂ ಇಂಥ ಕಲ್ಲು ಸಂದಿದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಏಳು ಮತ್ತು ಎಂಟನೆಯ ಸಂಪುಟಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಕಾಣಬಹುದು. ಆದರೆ ಬರಹವಿಲ್ಲದ ಕಲ್ಲುಗಳು ಯಾವ ಸಂಪುಟದಲ್ಲಿಯೂ ಸ್ಥಾನ ಪಡೆಯದೆ ಕಾಡಿನಲ್ಲಿಯೇ ಉಳಿದಿವೆ.

ಕಾಡು ಎಂದೆವು. ಈ ಸೀಮೆಯ ಜನ ಎಲ್ಲ ಕಾಡನ್ನೂ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಹುಲ್ಲು ಬೆಳೆದ ಬಯಲು ಬ್ಯಾಣ. ಅಡಕೆಯ ತೋಟಕ್ಕೆ ಸೊಪ್ಪು ಒದಗಿಸುವ ಜಾಗ ಸೊಪ್ಪಿನಬೆಟ್ಟ. ವರ್ಷದ ಹನ್ನೆರಡು ತಿಂಗಳೂ ಹಸುರಾಗಿದ್ದು, ನಡುಹಗಲಿನಲ್ಲಿಯೂ ಸಂಜೆಯಂತೆ ತೋರುವ ದಟ್ಟವಾದ ಕಾಡು ಕಾನು. ಬ್ಯಾಣದ ಬಿಸಿಲಿನಿಂದ ಕಾನಿನೊಳಗೆ ಹೆಜ್ಜೆ ಇಟ್ಟ ಕೂಡಲೇ ಮೈಗೆ ತಂಪು ತಾಗುತ್ತದೆ. ಕಾಲ ಕೆಳಗೆ ತರಗೆಲೆ ಮೆತ್ತಗಾಗುತ್ತದೆ. ಹಲಸು, ಹೆಬ್ಬಲಸು, ನೇರಳೆ, ರಾಮಪತ್ರೆ, ಧೂಪ, ಸುರಹೊನ್ನೆ ಮುಂತಾದ ಮರಗಳು ಮೇಲೆ ಚಪ್ಪರ ಹಾಕಿರುತ್ತವೆ. ಅವುಗಳ ಕೆಳಗೆ ಮುರುಗಲು, ಉಪ್ಪಾಗೆ, ದಾಲ್ಚಿನ್ನಿ, ಬಗನಿ. ಮರಗಳ ಮೈಗೆ ಕಾಡುಮೆಣಸಿನ ಬಳ್ಳಿ. ಹಳ್ಳದ ದಂಡೆಯಲ್ಲಿ ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿಯ ಮಾವು. ಇಂಥ ಕಾನಿನ ಬುಡದಿಂದ ಒಸರುವ ನೀರೇ ಕೆಳಗಿನ ಕಣಿವೆಯ ಅಡಕೆ ತೋಟಕ್ಕೂ ಗದ್ದೆಗೂ ಬೇಸಗೆಯ ಆಧಾರ. ಸುತ್ತಣ ಬ್ಯಾಣ ಗದ್ದೆಗಳ ನಡುವೆ ಒಂದೊಂದು ಕಾನೂ ಒಂದೊಂದು ಹಸುರು ದ್ವೀಪದಂತೆ ಕಾಣುತ್ತದೆ.

ಕಾನನ್ನು ಜನ ಕಾದುಕೊಂಡು ಬಂದುದಕ್ಕೆ ಭಕ್ತಿಯೊಂದೇ ಕಾರಣವೆಂದು ತಿಳಿಯಬಾರದು. ಕೆಳದಿಯ ಅರಸರ ಕಾಲದಲ್ಲಿ ಮೆಣಸು ಕರಾವಳಿಯ ಬಂದರುಗಳಿಂದ ಪರದೇಶಗಳಿಗೆ ಹೋಗುತ್ತಿದ್ದ ಬೆಲೆಬಾಳುವ ಸರಕಾಗಿತ್ತು. ಅದರ ಬಹುಭಾಗ ಬೆಳೆಯುತ್ತಿದ್ದುದು ಇಂಥ ನೆರಳಿನಲ್ಲಿ. ಅರಸರಿಗೆ ದಟ್ಟವಾದ ಕಾಡು ಕೋಟೆಯ ಹೊರಗಿನ ಕೋಟೆಯೂ ಆಗಿತ್ತು. ಮಾಸ್ತಿಕಟ್ಟೆಗೆ ಸಮೀಪದ ನಗರ, ಅಂದರೆ ಅಂದಿನ ಬಿದನೂರು, ೧೭೬೩ರಲ್ಲಿ ಹೈದರಾಲಿಯ ವಶವಾಗುವವರೆಗೆ ಆ ರಾಜ್ಯದ ರಾಜಧಾನಿಯಾಗಿದ್ದು, ಸುತ್ತಲಿನ ಬೆಟ್ಟ ಕಾಡುಗಳನ್ನೇ ನೆಚ್ಚಿಕೊಂಡಿತ್ತು. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ನೆರೆಯ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ವರದಿ ಬರೆದರು. ಆ ಒಂದು ತಾಲ್ಲೂಕಿನಲ್ಲಿಯೇ ೧೭೧ ಕಾನುಗಳು ಇದ್ದವೆಂದು ಅದರಿಂದ ತಿಳಿದುಬರುತ್ತದೆ.

ಭಕ್ತಿಯೂ ಸುಳ್ಳಲ್ಲ. ಕಾನಿನ ಒಂದು ಭಾಗ, ಕೆಲವೊಮ್ಮೆ ಇಡೀ ಕಾನೇ, ದೇವರದು. ಚೌಡಿ, ಜಟಕ, ನಾಗ, ಮಾಸ್ತಿಯಮ್ಮ ಮುಂತಾದ ದೈವಗಳಿಗೆ ಅಲ್ಲಿ ಗೋಪುರವಿಲ್ಲ, ಗೋಡೆಯಿಲ್ಲ. ಮರದ ಬುಡದಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದೆರಡು ಕಲ್ಲು. ಅಲ್ಲಿ ಕೊಡಲಿ ಆಡಿಸಕೂಡದು. ಬಿದ್ದ ಕೊಂಬೆಯನ್ನು ಸಹ ಮನೆಗೆ ಒಯ್ಯಕೂಡದು. ೧೮೦೧ರಲ್ಲಿ ಉತ್ತರ ಕನ್ನಡದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು, ಕಾಡು ಊರದೇವರ ಸೊತ್ತೆಂದೂ ದೇವರ ಪೂಜೆ ಮಾಡುವ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಜನ ನಂಬಿದ್ದರೆಂದು ಬರೆದಿದ್ದಾನೆ. ಸರಕಾರವು ಕಾಡಿನ ಮೇಲೆ ಹಕ್ಕು ಹೂಡದಂತೆ ತಡೆಯಲು ಊರವರು ಹೂಡಿದ ಉಪಾಯವಿದು ಎಂಬ ಅನುಮಾನವನ್ನೂ ಆತ ಸೇರಿಸಿದ್ದಾನೆ. ಅನುಮಾನ ನಿಜವೇ ಆಗಿದ್ದರೆ, ಊರವರು ಬುದ್ಧಿವಂತರೆಂದೇ ಹೇಳಬೇಕು!

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಕಲ್ಲು ಇದ್ದುದರಿಂದ ಆ ಜಾಗಕ್ಕೆ ಭಯಭಕ್ತಿ ಬಂದಿತು. ಭಯಭಕ್ತಿಯಿಂದ ಮರಗಳು ಉಳಿದವು. ಮರಗಳು ಉಳಿದುದರಿಂದ ಕಲ್ಲಿಗೂ ರಕ್ಷಣೆಯಾಯಿತು. ಬಟ್ಟಬಯಲಿನಲ್ಲಿ ನಿಂತ ಕಲ್ಲು ಬೇಸಗೆಯ ಬಿಸಿಲಿಗೆ ಕಾದು, ಮುಂಗಾರಿನ ಹೊಡೆತಕ್ಕೆ ಸಿಕ್ಕಿ, ಪದರ ಪದರವಾಗಿ ಸುಲಿಯುತ್ತದೆ. ಬುಡದ ಮಣ್ಣು ಕೊಚ್ಚಿಹೋದರೆ ವಾಲಿ ಬೀಳುತ್ತದೆ. ಕಾನಿನಲ್ಲಿ ಮಳೆಯ ಹನಿ ಎಲೆಯಿಂದ ಎಲೆಗೆ ಇಳಿದು ಮೆಲ್ಲಗೆ ನೆಲ ಮುಟ್ಟುತ್ತದೆ. ತರಗೆಲೆಯ ಹೊದಿಕೆಯ ಕೆಳಗೆ ಬೇರುಗಳು ಮಣ್ಣನ್ನು ಹಿಡಿದಿರುತ್ತವೆ. ಹೀಗೆ ಕಲ್ಲಿಗೆ ಕಾನು, ಕಾನಿಗೆ ಕಲ್ಲು ಕಾವಲಾಗಿ ಶತಮಾನಗಳು ಕಳೆದವು.

ಈ ಕಾವಲು ಸಡಿಲವಾದುದು ಒಂದೇ ದಿನದಲ್ಲಿ ಅಲ್ಲ. ಸೊಪ್ಪು ಸೌದೆಗಳ ಬೇಡಿಕೆ ಬೆಳೆಯಿತು. ಬೇಸಗೆಯಲ್ಲಿ ಬ್ಯಾಣಕ್ಕೆ ಇಟ್ಟ ಬೆಂಕಿ ಕಾನಿನ ಅಂಚನ್ನು ತಿನ್ನುತ್ತ ಬಂದಿತು. ಆ ಮೇಲೆ ಬಂದುದು ಏಕಜಾತಿಯ ನೆಡುತೋಪು. ಆಸ್ಟ್ರೇಲಿಯ, ನ್ಯೂಗಿನಿಗಳ ಕಡೆಯ ಅಕೇಶಿಯ ಮರವನ್ನು ೧೯೮೦ರ ದಶಕದಿಂದೀಚೆಗೆ ಮಲೆನಾಡಿನಲ್ಲಿ ವಿಸ್ತಾರವಾಗಿ ನೆಡಲಾಯಿತು. ಭದ್ರಾವತಿಯ ಕಾಗದದ ಕಾರ್ಖಾನೆಗೆ ಮರ ಬೆಳೆಯಲು ಸರಕಾರಿ ಅರಣ್ಯಭೂಮಿಯನ್ನು ೪೦ ವರ್ಷಗಳ ಗುತ್ತಿಗೆಗೆ ಕೊಡಲಾಗಿತ್ತು. ಆ ಅವಧಿ ೨೦೨೦ರಲ್ಲಿ ಮುಗಿದಾಗ, ಆ ನೆಲದಲ್ಲಿ ಸ್ವಾಭಾವಿಕವಾದ ಕಾಡು ಬೆಳೆಯಲಿ ಎಂದು ಜಿಲ್ಲೆಯ ಜನ ಒತ್ತಾಯಿಸಿದರು. ಅಕೇಶಿಯವನ್ನು ಕೇವಲ ದೂಷಿಸುವುದು ನ್ಯಾಯವಲ್ಲ. ಬರಡು ನೆಲದಲ್ಲಿ ಬೇಗ ಬೆಳೆದು ಅದು ಜನರಿಗೆ ಸೌದೆ ಕೊಟ್ಟಿದೆ. ಆದರೆ ಅದರ ದಪ್ಪನೆಯ ಎಲೆ ಬೇಗ ಕೊಳೆಯುವುದಿಲ್ಲ. ಸಾಲು ಸಾಲಾಗಿ ಒತ್ತಾಗಿ ಬೆಳೆದ ತೋಪಿನ ಕೆಳಗೆ ಬೇರೆ ಗಿಡಗಳು ವಿರಳ. ಮಂಗಟ್ಟೆ, ಸಿಂಗಳೀಕಗಳಿಗೆ ಬೇಕಾದ ಹಣ್ಣು ಅಲ್ಲಿಲ್ಲ. ಅದು ಮರಗಳ ಗುಂಪೇ ಹೊರತು ಕಾನಲ್ಲ.

ಇನ್ನೊಂದು ಹಾನಿ ಭಕ್ತಿಯ ವೇಷದಲ್ಲಿಯೇ ಬರುತ್ತದೆ. ಊರಿಗೆ ಹಣ ಬಂದಾಗ ಬನದ ದೇವರಿಗೆ ಗುಡಿ ಕಟ್ಟಬೇಕೆಂಬ ಆಸೆ ಹುಟ್ಟುತ್ತದೆ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಮರಗಳನ್ನು ಕಡಿದು, ಸಿಮೆಂಟಿನ ಅಂಗಳ ಹಾಸಿ, ಹಳೆಯ ಕಲ್ಲುಗಳನ್ನು ಮೂಲೆಗೆ ಸರಿಸುತ್ತಾರೆ. ಇಲ್ಲವೆ ಅವುಗಳಿಗೆ ಬಣ್ಣ ಬಳಿಯುತ್ತಾರೆ. ಮಳೆಯಲ್ಲಿ ನೆನೆಯುತ್ತಿದ್ದ ದೇವರಿಗೆ ಸೂರು ಕಟ್ಟಿದೆವೆಂದು ಅವರಿಗೆ ಸಂತೋಷ. ಆ ದೇವರಿಗೆ ನೂರಾರು ವರ್ಷಗಳಿಂದ ಸೂರಾಗಿದ್ದುದು ಕಾನು ಎಂಬುದು ಮರೆತುಹೋಗಿರುತ್ತದೆ.

ಅಣೆಕಟ್ಟುಗಳಿಂದ ಆದ ಬದಲಾವಣೆಯಂತೂ ಭೂಪಟದ ಮೇಲೆಯೇ ಕಾಣುತ್ತದೆ. ೧೯೬೪ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನೀರು ೧೮೧೯ ಅಡಿಯ ಮಟ್ಟದವರೆಗೆ ನಿಲ್ಲಬಲ್ಲ ಆ ಜಲಾಶಯದಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳೂ ಗದ್ದೆ ತೋಟಗಳೂ ಕಾನುಗಳೂ ಮುಳುಗಿದವು. ೧೯೪೮ರ ವೇಳೆಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಸಹ ಮುಳುಗಿ, ಈಗ ನೀರು ತೀರ ಇಳಿದ ಬೇಸಗೆಗಳಲ್ಲಿ ಮಾತ್ರ ತಲೆಯೆತ್ತುತ್ತದೆ. ಕಣಿವೆಗಳೆಲ್ಲ ನೀರಾದಾಗ ಬೆಟ್ಟದ ನೆತ್ತಿಗಳು ನಡುಗಡ್ಡೆಗಳಾದವು. ಹಿನ್ನೀರಿನಾಚೆಯ ಸಿಗಂದೂರು, ತುಮರಿ ಕಡೆಯ ಜನ ೨೦೨೫ರಲ್ಲಿ ಸೇತುವೆಯಾಗುವವರೆಗೆ ಆರು ದಶಕಗಳ ಕಾಲ ಲಾಂಚನ್ನು ನಂಬಿ ಬದುಕಿದರು. ಮನುಷ್ಯರಿಗೆ ಲಾಂಚು ಇತ್ತು. ನಡುಗಡ್ಡೆಯಲ್ಲಿ ಉಳಿದ ಮರಕ್ಕೆ? ಅದರ ಬೀಜವನ್ನು ಹೊರುವ ಹಕ್ಕಿ ನೀರನ್ನು ದಾಟಿ ಬರದಿದ್ದರೆ, ಆ ಮರದ ಸಂತತಿ ಆ ದಿಬ್ಬದಲ್ಲಿಯೇ ಮುಗಿಯಿತು. ಗದ್ದೆ, ರಸ್ತೆ, ನೆಡುತೋಪುಗಳ ನಡುವೆ ಉಳಿದ ಸಣ್ಣ ಕಾನಿನ ಪಾಡೂ ಇದಕ್ಕಿಂತ ಹೆಚ್ಚು ಭಿನ್ನವಲ್ಲ.

ಹೀಗೆ ಹಾಳಾದ ನೆಲವನ್ನು ಮತ್ತೆ ಅದರ ಸ್ವಂತ ಗಿಡಮರಗಳಿಂದ ಹಸುರು ಮಾಡುವುದು, ಅದೇ ಕಾಲಕ್ಕೆ ಅಲ್ಲಿನ ಹಳೆಯ ಕಲ್ಲುಕಟ್ಟೆಗಳನ್ನು ಕಾಯುವುದು, ಸಾಧ್ಯವೇ? ಈ ಪ್ರಶ್ನೆಯನ್ನು ನಮಗಿಂತ ಬಹು ಕಠಿಣವಾದ ಸ್ಥಿತಿಯಲ್ಲಿ ಎದುರಿಸಿದವರು ಪ್ರಶಾಂತ ಮಹಾಸಾಗರದ ಹವಾಯಿ ದ್ವೀಪಗಳ ಜನ. ಅಲ್ಲಿನ ಎಂಟು ಮುಖ್ಯ ದ್ವೀಪಗಳಲ್ಲಿ ಕಹೊಓಲಾವೆ ಎಲ್ಲಕ್ಕೂ ಚಿಕ್ಕದು. ವಿಸ್ತೀರ್ಣ ಸುಮಾರು ೧೧೬ ಚದರ ಕಿಲೋಮೀಟರು. ಹವಾಯಿಯ ಮೂಲನಿವಾಸಿಗಳಿಗೆ ಅದು ಪವಿತ್ರವಾದ ನೆಲ. ಪೂರ್ವಜರ ಪೂಜಾಸ್ಥಳಗಳು, ಬೆಸ್ತರು ಕಲ್ಲೊಟ್ಟಿ ಮಾಡಿದ ದೈವದ ನೆಲೆಗಳು, ಕಲ್ಲಿನ ಬಾಚಿಗಳನ್ನು ಸಿದ್ಧಪಡಿಸುತ್ತಿದ್ದ ಕಲ್ಲುಗಣಿ, ಇವೆಲ್ಲ ಅಲ್ಲಿವೆ. ಯೂರೋಪಿನ ನಾವಿಕರ ಆಗಮನದ ಅನಂತರ ಈ ದ್ವೀಪವನ್ನು ಸೇರಿದ ಆಡುಗಳೂ, ಹತ್ತೊಂಬತ್ತನೆಯ ಶತಮಾನದಲ್ಲಿ ಸಾಕಿದ ಕುರಿದನಗಳೂ ಅಲ್ಲಿನ ಹಸುರನ್ನೆಲ್ಲ ಮೇದು ಮುಗಿಸಿದವು. ಬೇರಿನ ಹಿಡಿತ ತಪ್ಪಿದ ಮಣ್ಣನ್ನು ಗಾಳಿಯೂ ಮಳೆಯೂ ಕಡಲಿಗೆ ಒಯ್ದವು. ಸಾಲದುದಕ್ಕೆ, ೧೯೪೧ರಲ್ಲಿ ಅಮೆರಿಕದ ಸೈನ್ಯವು ಆ ದ್ವೀಪವನ್ನು ಬಾಂಬುಗಳ ಗುರಿಯಾಗಿ ಬಳಸತೊಡಗಿತು. ಈ ಅಭ್ಯಾಸ ಸುಮಾರು ಅರ್ಧ ಶತಮಾನ ನಡೆಯಿತು.

೧೯೭೬ರ ಜನವರಿಯಲ್ಲಿ ಕೆಲವರು ದೋಣಿಯಲ್ಲಿ ಹೋಗಿ ಆ ನಿಷಿದ್ಧ ದ್ವೀಪದ ಮೇಲೆ ಇಳಿದು ಪ್ರತಿಭಟಿಸಿದರು. ಮರುವರ್ಷ ಆ ಚಳವಳಿಯ ಇಬ್ಬರು ತರುಣರು ಕಡಲಿನಲ್ಲಿ ಕಾಣೆಯಾದರು. ೧೯೮೧ರಲ್ಲಿ ಇಡೀ ದ್ವೀಪವನ್ನು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಬಾಂಬಿನ ಸದ್ದು ನಿಂತುದು ೧೯೯೦ರಲ್ಲಿ. ೧೯೯೪ರಲ್ಲಿ ದ್ವೀಪವು ಹವಾಯಿ ರಾಜ್ಯಕ್ಕೆ ಮರಳಿತು. ಆಡುಗಳನ್ನು ಅದಾಗಲೇ ಪೂರ್ತಿಯಾಗಿ ತೆಗೆದುಹಾಕಲಾಗಿತ್ತು. ಸಿಡಿಯದೆ ಉಳಿದ ಬಾಂಬುಗಳನ್ನು ಹೆಕ್ಕುವ ಕೆಲಸ ಮಾತ್ರ ಹತ್ತು ವರ್ಷ ನಡೆದರೂ ಮುಗಿಯಲಿಲ್ಲ.

ಇಂಥ ನೆಲದಲ್ಲಿ ಗಿಡ ನೆಡುವ ಬಗೆ ಹೇಗೆ? ಗುಂಡಿ ತೋಡುವಂತಿಲ್ಲ, ತೋಡಿದರೆ ಬಾಂಬು ಸಿಡಿಯಬಹುದು, ಹೂತುಹೋದ ಪ್ರಾಚೀನ ಅವಶೇಷವೂ ಒಡೆಯಬಹುದು. ಅದಕ್ಕಾಗಿ ಅಲ್ಲಿನವರು ಗಟ್ಟಿಯಾದ ನೆಲದ ಮೇಲೆಯೇ ಹೊರಗಿನಿಂದ ತಂದ ಮಣ್ಣಿನ ಗುಡ್ಡೆಗಳನ್ನು ಮಾಡಿ, ಅವುಗಳಲ್ಲಿ ದ್ವೀಪದ ಸ್ವಂತ ಹುಲ್ಲು ಪೊದೆಗಳನ್ನು ನೆಟ್ಟರು. ಒಣಹುಲ್ಲಿನ ಕಂತೆಗಳನ್ನು ಇಳಿಜಾರಿಗೆ ಅಡ್ಡವಾಗಿ ಇಟ್ಟು ಮಣ್ಣು ಹರಿದುಹೋಗುವುದನ್ನು ತಡೆದರು. ಹೊಳೆಯಿಲ್ಲದ ಆ ದ್ವೀಪದಲ್ಲಿ ಮಳೆಯ ನೀರನ್ನು ಹಿಡಿದು ತೊಟ್ಟಿಗಳಲ್ಲಿ ತುಂಬಿಟ್ಟರು. ಗಿಡ ನೆಡಲು ಬರುವ ಸ್ವಯಂಸೇವಕರಿಗೆ ಅಲ್ಲಿನ ಪೂಜಾಸ್ಥಳಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದೂ ಪಾಠದ ಒಂದು ಭಾಗವೇ. ಕೆಲಸ ಇಂದಿಗೂ ನಡೆಯುತ್ತಿದೆ. ದ್ವೀಪದ ಬಹುಭಾಗ ಇನ್ನೂ ಬೋಳಾಗಿಯೇ ಇದೆ.

ಆ ದ್ವೀಪದ ಬರಡುತನಕ್ಕೂ ಮಾಸ್ತಿಕಟ್ಟೆಯ ಮಳೆಗೂ ಹೋಲಿಕೆಯಿಲ್ಲ. ನಮ್ಮಲ್ಲಿ ಬೇಲಿ ಹಾಕಿ ಬಿಟ್ಟ ನೆಲ ತಾನಾಗಿಯೇ ಹಸುರಾಗುತ್ತದೆ. ಆದರೂ ಹಸುರಾದುದೆಲ್ಲ ಕಾನಾಗುವುದಿಲ್ಲ. ಇದರ ಗುಟ್ಟು ಬೀಜದಲ್ಲಿದೆ. ಅಕೇಶಿಯದ ಬೀಜಕ್ಕೆ ಗಟ್ಟಿಯಾದ ಸಿಪ್ಪೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟು, ಬೇಕಾದಾಗ ಬಿಸಿನೀರಿನಲ್ಲಿ ನೆನೆಸಿ ಬಿತ್ತಬಹುದು. ಹಲಸು, ಹೆಬ್ಬಲಸು, ನೇರಳೆ, ರಾಮಪತ್ರೆಗಳ ಬೀಜ ಹಾಗಲ್ಲ. ಅವು ಒಣಗಿದರೆ ಸತ್ತವು. ಹಣ್ಣಿನಿಂದ ಹೊರಬಂದ ಕೆಲವು ದಿನ ವಾರಗಳಲ್ಲಿ ಒದ್ದೆ ನೆಲವನ್ನು ಸೇರಲೇಬೇಕು. ಆದುದರಿಂದಲೇ ಈ ಮರಗಳಲ್ಲಿ ಅನೇಕವು ಮುಂಗಾರಿನ ಬಾಗಿಲಿನಲ್ಲಿ ಹಣ್ಣು ಉದುರಿಸುತ್ತವೆ. ಉಪ್ಪಾಗೆಯ ಬೀಜಕ್ಕೆ ಮತ್ತೊಂದು ಸ್ವಭಾವ. ಮೊಳೆಯಲು ಅದು ತಿಂಗಳುಗಟ್ಟಲೆ ಕಾಯಿಸುತ್ತದೆ. ಅಂಗಡಿಯಲ್ಲಿ ಬೀಜದ ಪೊಟ್ಟಣ ಕೊಂಡು ಕಾನು ಬೆಳೆಸಲು ಸಾಧ್ಯವಿಲ್ಲ. ಹತ್ತಿರದಲ್ಲಿ ಎಲ್ಲಿಯಾದರೂ ಒಂದು ಹಳೆಯ ಕಾನು ಉಳಿದಿರಬೇಕು. ಅಲ್ಲಿಂದ ಬೀಜವನ್ನು ತರಬೇಕು. ದೇವರ ಹೆಸರಿನಲ್ಲಿ ಉಳಿದ ಎರಡು ಮೂರು ಎಕರೆಯ ಬನಕ್ಕೆ ಈ ಕಾರಣದಿಂದ ಅದರ ಅಳತೆಗೆ ಮೀರಿದ ಬೆಲೆಯಿದೆ.

ಬೀಜ ಸಿಕ್ಕಿತೆಂದರೆ ಕೆಲಸ ಮುಗಿಯಲಿಲ್ಲ. ಕಾನಿನ ಮರಗಳ ಸಸಿಗೆ ಎಳವೆಯಲ್ಲಿ ನೆರಳು ಬೇಕು. ಬಟ್ಟಬಯಲಿನಲ್ಲಿ ನೆಟ್ಟ ರಾಮಪತ್ರೆಯ ಸಸಿ ಮೊದಲ ಬೇಸಗೆಯಲ್ಲಿಯೇ ಸುಟ್ಟುಹೋಗುತ್ತದೆ. ಆದಕಾರಣ ಬಿಸಿಲನ್ನು ತಾಳಿಕೊಂಡು ಬೇಗ ಬೆಳೆಯುವ ಸ್ಥಳೀಯ ಗಿಡಗಳು ಮೊದಲು ಬರಬೇಕು. ಅವುಗಳ ಮರೆಯಲ್ಲಿ ಕಾನಿನ ಸಸಿಗಳನ್ನು ನೆಡಬೇಕು. ಈಗಾಗಲೇ ಅಕೇಶಿಯ ಬೆಳೆದಿರುವಲ್ಲಿ ಅದನ್ನು ಒಮ್ಮೆಗೇ ಸವರಿಹಾಕದೆ, ನಡುನಡುವೆ ತೆರಪು ಮಾಡಿ, ಅದರ ನೆರಳನ್ನೇ ಬಳಸಿಕೊಳ್ಳುವುದು ಜಾಣತನ. ದನಗಳ ಬಾಯಿಯನ್ನೂ ಬೇಸಗೆಯ ಬೆಂಕಿಯನ್ನೂ ಕೆಲವು ವರ್ಷ ತಡೆಯಬೇಕು. ಮಲೆನಾಡು ಗಿಡ್ಡ ತಳಿಯ ಹಸು ನೋಡಲು ಚಿಕ್ಕದಾದರೂ ಎಳೆಯ ಸಸಿಯನ್ನು ಹುಡುಕಿ ಮೇಯುವುದರಲ್ಲಿ ಯಾವುದಕ್ಕೂ ಕಡಿಮೆಯಿಲ್ಲ.

ನೀರು ನಿಲ್ಲುವ ಕಣಿವೆಗಳಲ್ಲಿ ಈ ಕೆಲಸ ಇನ್ನೂ ಸೂಕ್ಷ್ಮವಾದುದು. ಜೋಗಕ್ಕೆ ಹತ್ತಿರದ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಾತಿಯ ಮರಗಳೇ ತುಂಬಿದ ಜೌಗುಗಳಿವೆ. ಅಲ್ಲಿ ಮರದ ಬೇರುಗಳು ಕೆಸರಿನಿಂದ ಮೇಲೆದ್ದು, ಮಡಿಸಿದ ಮಂಡಿಯಂತೆ ಬಾಗಿ, ಗಾಳಿಯನ್ನು ಹೀರಿ ಮತ್ತೆ ನೆಲವನ್ನು ಹೊಗುತ್ತವೆ. ಅಲ್ಲಿ ದೊರೆತ, ಗೇರಿನ ಕುಟುಂಬಕ್ಕೆ ಸೇರಿದ ಒಂದು ಮರವನ್ನು ೨೦೦೦ದಲ್ಲಿ ವಿಜ್ಞಾನಿಗಳು ಹೊಸ ಜಾತಿಯೆಂದು ವರ್ಣಿಸಿ, ಅದಕ್ಕೆ ಆ ಕಾನಿನ ಹೆಸರನ್ನೇ ಇಟ್ಟರು. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಇಂಥ ವಿರಳ ಮರಗಳ ಬೀಜವನ್ನು ಸಂಗ್ರಹಿಸಿ, ಸಸಿ ಮಾಡಿ, ಮತ್ತೆ ಜೌಗುಗಳಲ್ಲಿ ನೆಡುವ ಪ್ರಯತ್ನ ಮಾಡಿದ್ದಾರೆ. ನಮ್ಮ ಜಿಲ್ಲೆಗಳಲ್ಲಿಯೇ ಇಂಥ ಕೆಲಸ ನಡೆದಿರುವುದು ಸಮಾಧಾನದ ಸಂಗತಿ.

ಇನ್ನು ಕಲ್ಲಿನ ಮಾತು. ಮರ ನೆಡುವ ಉತ್ಸಾಹವೇ ಕಲ್ಲಿಗೆ ಮುಳುವಾಗುವುದುಂಟು. ದನಗಳು ನುಗ್ಗದಂತೆ ಕಾಡಿನ ಸುತ್ತ ಅಗಳು ತೆಗೆಯುವಾಗ, ಯಂತ್ರಗಳಿಂದ ಸಾಲುಗುಂಡಿ ತೋಡುವಾಗ, ಹಳೆಯ ಊರಿನ ಪಂಚಾಂಗವೋ ಮಡಕೆಯ ಚೂರುಗಳ ಪದರವೋ ಹೂತುಹೋದ ವೀರಗಲ್ಲೋ ಅಡ್ಡ ಬಂದರೆ, ಅರ್ಧ ಗಳಿಗೆಯಲ್ಲಿ ಪುಡಿಯಾಗುತ್ತದೆ. ಯಂತ್ರ ನಡೆಸುವವನಿಗೆ ಅದು ಬ್ಯಾಣದ ಒಂದು ಬಂಡೆ, ಅಷ್ಟೆ. ಮೊದಲು ಆ ನೆಲವನ್ನು ನಡೆದು ನೋಡಿ, ಊರಿನ ಹಿರಿಯರನ್ನು ಕೇಳಿ, ಕಲ್ಲು ಕಟ್ಟೆಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ, ಆ ಮೇಲೆ ಗುದ್ದಲಿ ಹಿಡಿಯುವುದು ಸರಿಯಾದ ಕ್ರಮ. ಮರಗಳೆಲ್ಲ ಕಲ್ಲಿಗೆ ಮಿತ್ರರೆಂದೂ ತಿಳಿಯಬಾರದು. ಹಕ್ಕಿಯ ಹಿಕ್ಕೆಯಲ್ಲಿ ಬಂದ ಅರಳಿ, ಬಸರಿ, ಗೋಣಿಗಳ ಬೀಜ ಗೋಡೆಯ ಬಿರುಕಿನಲ್ಲಿ ಮೊಳೆತರೆ, ಬೇರು ದಪ್ಪವಾಗುತ್ತ ಕಲ್ಲುಗಳನ್ನು ಸೀಳುತ್ತದೆ. ಕವಲೆದುರ್ಗ, ನಗರಗಳಂಥ ಕೋಟೆಗಳ ಗೋಡೆಯ ಮೇಲೆ ಹುಟ್ಟಿದ ಇಂಥ ಗಿಡವನ್ನು ಎಳೆಯದಾಗಿರುವಾಗಲೇ ತೆಗೆಯಬೇಕು. ದೊಡ್ಡದಾದ ಮೇಲೆ ಎಳೆದು ಕಿತ್ತರೆ ಗೋಡೆಯೇ ಜೊತೆಯಲ್ಲಿ ಬರುತ್ತದೆ.

ಮಾಸ್ತಿಕಲ್ಲುಗಳನ್ನೆಲ್ಲ ಕಾಡಿನಿಂದ ಎತ್ತಿ ವಸ್ತುಸಂಗ್ರಹಾಲಯದಲ್ಲಿ ಇಟ್ಟರೆ ಆಗದೇ ಎಂದು ಕೇಳಬಹುದು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ಅನೇಕ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಹಾಗೆ ಕಾಪಾಡಲಾಗಿದೆ. ಮುಳುಗಡೆಯಾಗುವ ಕಲ್ಲಿಗೆ, ರಸ್ತೆಗೆ ಸಿಕ್ಕಿದ ಕಲ್ಲಿಗೆ, ನಿಧಿಯ ಆಸೆಯವರು ಅಗೆದು ಉರುಳಿಸಿದ ಕಲ್ಲಿಗೆ ಅದೇ ಗತಿ. ಆದರೆ ನಿಂತ ಜಾಗದಲ್ಲಿ ಕ್ಷೇಮವಾಗಿರುವ ಕಲ್ಲನ್ನು ಅಲ್ಲಿಯೇ ಬಿಡುವುದು ಮೇಲು. ಅದು ಯಾವ ದಿಕ್ಕಿಗೆ ಮುಖ ಮಾಡಿತ್ತು, ಯಾವ ದಾರಿಯ ಪಕ್ಕದಲ್ಲಿತ್ತು, ಅದರ ಬಳಿ ಕೆರೆಯಿತ್ತೋ ಹಳೆಯ ಊರಿನ ಗುರುತಿತ್ತೋ ಎಂಬುದೆಲ್ಲ ಇತಿಹಾಸಕಾರನಿಗೆ ಕಲ್ಲಿನಷ್ಟೇ ಮುಖ್ಯ. ಊರವರು ವರ್ಷಕ್ಕೊಮ್ಮೆ ಹಣ್ಣುಕಾಯಿ ಇಡುವ ಕಲ್ಲನ್ನು ಅವರಿಂದ ಅಗಲಿಸಿದರೆ, ಅದರ ಸುತ್ತಣ ಬನವನ್ನು ಕಾಯುವವರೂ ಇಲ್ಲವಾಗುತ್ತಾರೆ.

ಕಾಡಿನಲ್ಲಿ ಇಂಥ ಕಲ್ಲು ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ಕದಲಿಸಬೇಡಿ. ಅಕ್ಷರ ಕಾಣಲೆಂದು ಮೊಳೆಯಿಂದ ಕೆರೆಯುವುದು, ಎಣ್ಣೆ ಬಳಿಯುವುದು, ಪಾಚಿ ತೆಗೆಯಲು ತಂತಿಯ ಬ್ರಷ್ಷಿನಿಂದ ಉಜ್ಜುವುದು, ಇವು ಮೂರೂ ಕಲ್ಲಿಗೆ ಕೆಡುಕು. ಹಗಲಿನ ಇಳಿಬಿಸಿಲು ಓರೆಯಾಗಿ ಬಿದ್ದಾಗ ಮಸುಕಾದ ಅಕ್ಷರವೂ ತಾನಾಗಿ ಮೇಲೆದ್ದು ಕಾಣುತ್ತದೆ. ಎತ್ತರ ಅಗಲಗಳನ್ನು ಅಳೆದು, ಮುಖದ ದಿಕ್ಕನ್ನು ಗುರುತು ಹಾಕಿ, ಒಂದು ಚಿತ್ರ ಬರೆದುಕೊಂಡು, ಶಾಲೆಯ ಇತಿಹಾಸದ ಉಪಾಧ್ಯಾಯರಿಗೆ ತೋರಿಸಬಹುದು. ಅವರ ಮೂಲಕ ರಾಜ್ಯದ ಪುರಾತತ್ತ್ವ ಇಲಾಖೆಗೆ ಸುದ್ದಿ ಮುಟ್ಟಿದರೆ, ಬರಹವಿರುವ ಕಲ್ಲಿನ ಪಡಿಯಚ್ಚನ್ನು ತಿಳಿದವರು ಬಂದು ತೆಗೆಯುತ್ತಾರೆ. ಒದ್ದೆಮಾಡಿದ ಕಾಗದವನ್ನು ಕಲ್ಲಿನ ಮೈಗೆ ಒತ್ತಿ ಅಕ್ಷರದ ಗುಳಿಗಳಿಗೆ ಕೂರಿಸಿ, ಮೇಲೆ ಮಸಿಯನ್ನು ತಟ್ಟಿದರೆ, ಅಕ್ಷರಗಳು ಬಿಳಿಯಾಗಿಯೂ ಉಳಿದ ಭಾಗ ಕಪ್ಪಾಗಿಯೂ ಮೂಡುತ್ತವೆ.

ಕಾನೂನು ಕಾಡಿಗೂ ಇದೆ, ಕಲ್ಲಿಗೂ ಇದೆ. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕರ್ನಾಟಕದಲ್ಲಿ ೧೯೬೧ರ ಅಧಿನಿಯಮವಿದೆ. ೨೦೦೨ರ ಜೀವವೈವಿಧ್ಯ ಅಧಿನಿಯಮದ ಅನ್ವಯ ವಿಶಿಷ್ಟವಾದ ನೆಲೆಗಳನ್ನು ಪಾರಂಪರಿಕ ತಾಣಗಳೆಂದು ಘೋಷಿಸಬಹುದು. ಶಿವಮೊಗ್ಗ ಜಿಲ್ಲೆಯ ಅಂಬಾರಗುಡ್ಡಕ್ಕೆ ೨೦೧೧ರಲ್ಲಿ ಆ ಮನ್ನಣೆ ದೊರೆಯಿತು. ಎರಡು ಕಾನೂನುಗಳು, ಎರಡು ಇಲಾಖೆಗಳು. ಒಂದೇ ಕಟ್ಟೆಯ ಮೇಲೆ ನಿಂತ ಮರ ಒಬ್ಬರ ಪಟ್ಟಿಯಲ್ಲಿ, ಕಲ್ಲು ಇನ್ನೊಬ್ಬರ ಪಟ್ಟಿಯಲ್ಲಿ! ಎರಡನ್ನೂ ಒಟ್ಟಿಗೆ ನೋಡುವವರು ಆ ಊರಿನವರು ಮಾತ್ರ.

ಶಾಲೆಗಳು ಪುನಃ ತೆರೆಯುವ ಜೂನ್ ತಿಂಗಳಿನಲ್ಲಿ ಯಾವುದಾದರೂ ಹಳೆಯ ಬನದ ಅಂಚಿಗೆ ಹೋಗಿ ನೆಲವನ್ನು ನೋಡಬೇಕು. ಹೆಬ್ಬಲಸಿನ ಬೀಜಗಳು ತರಗೆಲೆಯ ನಡುವೆ ಆಗಲೇ ಬಾಯಿಬಿಟ್ಟು ಬಿಳಿಯ ಮೊಳಕೆಯನ್ನು ಮಣ್ಣಿಗೆ ಇಳಿಸಿರುತ್ತವೆ. ತಾಯಿಮರದ ಬುಡದಲ್ಲಿ ಹೀಗೆ ನೂರಾರು ಮೊಳೆತರೂ ಬೆಳಕು ಸಾಲದೆ ಬಹುಪಾಲು ಸಾಯುತ್ತವೆ. ಸಸಿ ಮಾಡುವವರು ಬುಟ್ಟಿ ಹಿಡಿದು ಹೋಗಿ, ಇನ್ನೂ ಎರಡೆಲೆ ಬಿಡದ ಇಂಥ ಮೊಳಕೆಗಳಲ್ಲಿ ಕೆಲವನ್ನು ಬೇರು ಮುರಿಯದಂತೆ ಎತ್ತಿ, ಕಾನಿನ ಮಣ್ಣಿನ ಜೊತೆಯಲ್ಲಿಯೇ ತೊಟ್ಟೆಗಳಿಗೆ ತುಂಬಿಕೊಂಡು ಬರುತ್ತಾರೆ. ಬನದೊಳಗೆ ಕಾಲಿಡುವ ಮುನ್ನ ಮೆಟ್ಟನ್ನು ಕಟ್ಟೆಯ ಹೊರಗೆ ಬಿಡುವ ರೂಢಿ ಅನೇಕ ಊರುಗಳಲ್ಲಿ ಇನ್ನೂ ಇದೆ.